ಪಹಣಿ ಮೇಲೆ ಚಾರ್ಜ್, ಫೋನಿಗೂ ಚಾರ್ಜ್: ಒಂದು ಪದ ಹೊತ್ತ ಹೊರೆಗಳು

ಮುಂಗಾರಿ ಬಿತ್ತನೆಗೆ ಮುಂಚಿನ ದಿನಗಳು. ಕಲಬುರಗಿ ಹತ್ತಿರದ ಒಂದು ಕಚೇರಿಯಲ್ಲಿ ಪಹಣಿಗಾಗಿ ಪಾಳಿಯಲ್ಲಿ ನಿಂತಿದ್ದೆ. ನನ್ನ ಮುಂದೆ ಧೋತರ ಉಟ್ಟ ಒಬ್ಬ ಹಿರಿಯರು. ಕಂಪ್ಯೂಟರ್ ಮುಂದೆ ಕೂತ ಹುಡುಗ ಪರದೆ ನೋಡಿ ಹೇಳಿದ: "ಕಾಕಾ, ನಿಮ್ಮ ಪಹಣಿ ಮ್ಯಾಲ ಬ್ಯಾಂಕಿನ ಚಾರ್ಜ್ ಅದ ನೋಡ್ರಿ."

ಹಿರಿಯರು ಕಿಸೆಗೆ ಕೈ ಹಾಕಿದರು. "ಎಷ್ಟ ಕೊಡಬೇಕಪಾ ಚಾರ್ಜು?"

"ರೊಕ್ಕದ ಚಾರ್ಜ್ ಅಲ್ರೀ ಕಾಕಾ. ಬೋಜಾ, ಬೋಜಾ. ಬೆಳೆ ಸಾಲ ತಗೊಂಡೀರಲ್ಲ, ಅದು."

"ಹಂಗ ಹೇಳು ಮತ್ತ. ಬೋಜಾ ಅಂದ್ರ ತಿಳೀತದ. ಚಾರ್ಜ್ ಅಂದ್ರ ಏನಂತ ತಿಳೀಬೇಕು?"

ಆ ಹುಡುಗನ ಮೇಜಿನ ಕೆಳಗೆ ಅವನ ಫೋನು ಚಾರ್ಜಿಗೆ ಇತ್ತು. ನನ್ನ ಕಿಸೆಯಲ್ಲಿ ಬಸ್ ಚಾರ್ಜ್ ಕೊಟ್ಟು ತಗೊಂಡ ಟಿಕೆಟ್ ಇತ್ತು. ಪಕ್ಕದವರ ಕೈಯಲ್ಲಿದ್ದ ಪೇಪರಿನಲ್ಲಿ ಯಾವುದೋ ಕೇಸಿನ ಚಾರ್ಜ್‌ಶೀಟ್ ಸುದ್ದಿ. ಗೋಡೆಯ ಮೇಲಿನ ಹಲಗೆಯಲ್ಲಿ ಒಬ್ಬ ಅಧಿಕಾರಿಯ ಹೆಸರಿನ ಮುಂದೆ ‘ಇನ್‌ಚಾರ್ಜ್’ ಎಂದು ಬರೆದಿತ್ತು. ಹತ್ತು ಅಡಿ ಜಾಗದಲ್ಲಿ ಒಂದೇ ಪದ ಐದು ಕಡೆ ದುಡಿಯುತ್ತಿತ್ತು.

ಇವೆಲ್ಲ ಬೇರೆ ಬೇರೆ ಪದಗಳಾ? ಅಲ್ಲ. ಎಲ್ಲ ಒಂದೇ ಬೇರಿನಿಂದ ಬಂದವು. ಆ ಬೇರನ್ನು ಹೆಚ್ಚು ಚೆನ್ನಾಗಿ ತಿಳಿದಿದ್ದವರು, ನೋಡಿದರೆ, ಆ ಕಾಕಾ ಅವರೇ.

ಶುರುವಾದದ್ದು ಬಂಡಿಯಿಂದ

ಎರಡು ಸಾವಿರ ವರ್ಷಕ್ಕೂ ಹಿಂದೆ ಇಂದಿನ ಫ್ರಾನ್ಸ್ ಇರುವ ಜಾಗದಲ್ಲಿ ಗಾಲ್ ಎಂಬ ಜನ ಇದ್ದರು. ಅವರ ಬಂಡಿಗಳು ಹೆಸರುವಾಸಿ. ರೋಮನ್ನರು ಅವರ ಮೇಲೆ ದಂಡೆತ್ತಿ ಹೋದರು, ಗೆದ್ದರು, ಜೊತೆಗೆ ಬಂಡಿಯ ಹೆಸರನ್ನೂ ತಮ್ಮ ಲ್ಯಾಟಿನ್ ಭಾಷೆಗೆ ತಂದುಕೊಂಡರು. ಆ ಹೆಸರು ‘ಕಾರ್ರುಸ್’.

ಬಂಡಿ ಇದ್ದ ಮೇಲೆ ಮಾಲು ಹೇರಬೇಕಲ್ಲ. ಬಂಡಿಗೆ ಹೇರುವ ಕೆಲಸಕ್ಕೆ ಲ್ಯಾಟಿನ್ನಿನಲ್ಲಿ ‘ಕಾರ್ರಿಕಾರೆ’ ಎಂಬ ಪದ ಹುಟ್ಟಿತು. ಅದು ಹಳೆಯ ಫ್ರೆಂಚಿನಲ್ಲಿ ಸವೆದು ‘ಶಾರ್ಜ್’ ಎಂಬಂಥ ರೂಪ ಪಡೆಯಿತು. 1066ರಲ್ಲಿ ಫ್ರೆಂಚ್ ಮಾತಾಡುವ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಅವರ ಬೆನ್ನಿಗೆ ಸಾವಿರಾರು ಫ್ರೆಂಚ್ ಪದಗಳು ಇಂಗ್ಲಿಷಿಗೆ ಬಂದವು. 13ನೇ ಶತಮಾನದ ಹೊತ್ತಿಗೆ ‘ಚಾರ್ಜ್’ ಇಂಗ್ಲಿಷಿನಲ್ಲಿ ನೆಲೆ ನಿಂತಿತ್ತು. ಆಗ ಅದರ ಅರ್ಥ ಒಂದೇ: ಹೇರು, ಹೊರೆ ಹೊರಿಸು.

ಇಷ್ಟು ನೆನಪಿದ್ದರೆ ಸಾಕು. ಮುಂದಿನ ಅರ್ಥಗಳೆಲ್ಲ ‘ಯಾರ ಮೇಲೆ ಏನು ಹೇರಿದರು’ ಎಂಬ ಪ್ರಶ್ನೆಗೆ ಉತ್ತರಗಳು ಅಷ್ಟೇ.

ರೊಕ್ಕದ ಚಾರ್ಜ್

ನಮಗೆ ದಿನಾ ಎದುರಾಗುವುದು ಇದು. ಬಸ್ ಚಾರ್ಜ್, ಆಟೋ ಚಾರ್ಜ್, ಬ್ಯಾಂಕಿನ ಸರ್ವಿಸ್ ಚಾರ್ಜ್. ಬಂಡಿ ಮೇಲೆ ಮೂಟೆ ಹೇರಿದ ಹಾಗೆ ಮನುಷ್ಯನ ಮೇಲೆ ಖರ್ಚು ಹೇರುವುದು. ಈ ಅರ್ಥ ಇಂಗ್ಲಿಷಿನಲ್ಲಿ 14ನೇ ಶತಮಾನದಲ್ಲೇ ಕಾಣುತ್ತದೆ. ಆದರೆ ‘ಇದಕ್ಕೆ ಎಷ್ಟು ಚಾರ್ಜ್ ಮಾಡ್ತೀರಿ’ ಎಂದು ಬೆಲೆ ಕೇಳುವ ಬಳಕೆ ತಡವಾಗಿ ಬಂತು. ಅದು ಕಾಣುವುದು 18ನೇ ಶತಮಾನದ ಕೊನೆಗೆ.

ಕನ್ನಡವೂ ಇದೇ ದಾರಿ ಹಿಡಿದಿದೆ. ತೆರಿಗೆ ‘ಹೇರುತ್ತಾರೆ’. ದಂಡ ‘ಹೇರುತ್ತಾರೆ’. ಬೆಲೆ ಏರಿದರೆ ಜನರ ಮೇಲೆ ‘ಹೊರೆ’ ಬಿತ್ತು ಅನ್ನುತ್ತೇವೆ. 2025ರ ಜನವರಿ 5ರಿಂದ ರಾಜ್ಯದ ನಾಲ್ಕೂ ಸಾರಿಗೆ ನಿಗಮಗಳ ಬಸ್ ದರ ಶೇ. 15ರಷ್ಟು ಹೆಚ್ಚಾದಾಗ ನಮ್ಮ ಮಾತಿನಲ್ಲಿ ಓಡಾಡಿದ್ದೂ ಇದೇ ಹೊರೆ. ಇಂಗ್ಲಿಷಿನವರು ಬಂಡಿಯನ್ನು ಮರೆತಿದ್ದಾರೆ. ನಾವು ಹೊರೆಯನ್ನು ಇನ್ನೂ ಮರೆತಿಲ್ಲ.

ಕರೆಂಟ್ ಬಿಲ್ಲಿನಲ್ಲಿ ಈ ಪದ ಜಾಸ್ತಿ ಗೊಂದಲ ಮಾಡುತ್ತದೆ. ಅಲ್ಲಿ ಮುಖ್ಯವಾಗಿ ಎರಡು ಚಾರ್ಜ್ ಇರುತ್ತವೆ. ಒಂದು ಎನರ್ಜಿ ಚಾರ್ಜ್. ಎಷ್ಟು ಯೂನಿಟ್ ಸುಟ್ಟಿರೋ ಅಷ್ಟಕ್ಕೆ ದುಡ್ಡು. ಇನ್ನೊಂದು ಫಿಕ್ಸೆಡ್ ಚಾರ್ಜ್. ಮನೆಗೆ ಬೀಗ ಹಾಕಿ ಊರಿಗೆ ಹೋಗಿದ್ದರೂ ಇದು ಬರುತ್ತದೆ. ಯಾಕೆ? ನಿಮ್ಮ ಮನೆಗೆ ಇಷ್ಟು ಕಿಲೋವ್ಯಾಟ್ ಬೇಕಾಗಬಹುದು ಎಂದು ಮೊದಲೇ ಮಂಜೂರು ಮಾಡಿಸಿರುತ್ತೀರಿ. ಅಷ್ಟು ಕೊಡಲು ತಂತಿ, ಕಂಬ, ಟ್ರಾನ್ಸ್‌ಫಾರ್ಮರ್ ಯಾವಾಗಲೂ ಸಿದ್ಧ ಇರಬೇಕು. ಅದರ ಖರ್ಚಿನ ಪಾಲು ಇದು. ಸುಗ್ಗಿಗೆಂದು ಟ್ರ್ಯಾಕ್ಟರ್ ಹಿಡಿದಿಟ್ಟುಕೊಂಡರೆ, ಒಂದು ದಿನ ಓಡಿಸದಿದ್ದರೂ ಮಾಲೀಕ ಒಂದಿಷ್ಟು ಕೇಳುತ್ತಾನಲ್ಲ, ಹಾಗೆ. ಆ ಮಂಜೂರಾದ ಕಿಲೋವ್ಯಾಟಿಗೆ ಬಿಲ್ಲಿನಲ್ಲಿ ಇರುವ ಹೆಸರು ‘ಲೋಡ್’. ಅಂದರೆ ಹೊರೆ! ಲೋಡ್ ನೋಡಿ ಚಾರ್ಜ್ ಹಾಕುತ್ತಾರೆ. ಹೊರೆ ನೋಡಿ ಹೊರೆ ಹೊರಿಸಿದ ಹಾಗೆ.

ಕಲಬುರಗಿಯ ನೆಹರು ಗಂಜ್‌ನಲ್ಲಿ ತೊಗರಿ ಮಾರಿದವರಿಗೆ ‘ಹಮಾಲಿ’ ಗೊತ್ತು. ಚೀಲ ಇಳಿಸಿ ಏರಿಸಿದ್ದಕ್ಕೆ ಕೊಡುವ ಕೂಲಿ. ಹಮಾಲ ಎಂಬುದು ಅರಬ್ಬಿ ಪದ. ಹೊರುವವನು ಎಂದೇ ಅದರ ಅರ್ಥ. ಪಟ್ಟಿಯಲ್ಲಿ ‘ಹಮಾಲಿ ಚಾರ್ಜ್’ ಎಂದು ಬರೆದರೆ ಅರಬ್ಬಿಯ ಹೊರೆ, ಗಾಲ್ ಜನರ ಹೊರೆ ಎರಡೂ ಒಂದೇ ಸಾಲಿನಲ್ಲಿ ಕೂತವು.

ಪಹಣಿ ಮೇಲಿನ ಬೋಜಾ

ಈಗ ಕಾಕಾ ಅವರ ವಿಷಯ. ಕಾನೂನಿನಲ್ಲಿ ಚಾರ್ಜ್ ಎಂದರೆ ಆಸ್ತಿಯ ಮೇಲಿನ ಹೊರೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 100ನೇ ಕಲಮು ಇದನ್ನು ವಿವರಿಸುತ್ತದೆ. ಸರಳವಾಗಿ ಹೇಳಿದರೆ, ಹೊಲ ನಿಮ್ಮದೇ. ಉಳುವವರೂ ನೀವೇ, ಬೆಳೆ ತೆಗೆಯುವವರೂ ನೀವೇ. ಆದರೆ ಆ ಹೊಲ ಒಂದು ಸಾಲಕ್ಕೆ ಭದ್ರತೆಯಾಗಿ ನಿಂತಿದೆ. ಸಾಲ ತೀರದಿದ್ದರೆ ಆ ಹೊಲದಿಂದ ವಸೂಲಿ ಮಾಡಿಕೊಳ್ಳುವ ಹಕ್ಕು ಸಾಲ ಕೊಟ್ಟವರಿಗೆ ಇರುತ್ತದೆ.

ಬೆಳೆ ಸಾಲ ಕೊಟ್ಟ ಬ್ಯಾಂಕು ಇದನ್ನು ಪಹಣಿಯಲ್ಲಿ ಬರೆಸುತ್ತದೆ. ಪಹಣಿಯ 11ನೇ ಕಲಂ ತೆಗೆದು ನೋಡಿ. ಅದರ ತಲೆಬರಹವೇ ‘ಇತರ ಹಕ್ಕುಗಳು ಮತ್ತು ಋಣಗಳು’. ಯಾವ ಬ್ಯಾಂಕು, ಎಷ್ಟು ಮೊತ್ತ ಎಂಬುದು ಅಲ್ಲಿ ಬರುತ್ತದೆ. ಹೊಲ ಕೊಳ್ಳಲು ಬಂದವರು ಮೊದಲು ಕಣ್ಣು ಹಾಯಿಸಬೇಕಾದದ್ದೂ ಅಲ್ಲಿಗೇ.

ನಮ್ಮ ಜನ ಇದಕ್ಕೆ ಇಟ್ಟ ಹೆಸರು ಬೋಜಾ. ಉರ್ದು ಮತ್ತು ಹಿಂದಿಯಲ್ಲಿ ಬೋಜ್, ಬೋಝಾ ಎಂದರೆ ಹೊರೆ, ಭಾರ. ನಿಜಾಮರ ಕಾಲದಲ್ಲಿ ಈ ಭಾಗದ ಕಚೇರಿಗಳಲ್ಲಿ ಉರ್ದು ನಡೆಯುತ್ತಿತ್ತು. ಹಾಗಾಗಿ ನಮ್ಮ ಕಿವಿಗೆ ಈ ಪದ ಹೊಸದಲ್ಲ. ಕಿಟಕಿಯ ಹುಡುಗ ‘ಚಾರ್ಜ್ ಅಲ್ಲ, ಬೋಜಾ’ ಅಂದನಲ್ಲ, ಅವನಿಗೇ ತಿಳಿಯದೆ ಒಂದು ಪದದ ಎರಡು ಸಾವಿರ ವರ್ಷದ ಚರಿತ್ರೆಯನ್ನು ಎರಡೇ ಅಕ್ಷರದಲ್ಲಿ ಹೇಳಿದ್ದ.

ಪೊಲೀಸರ ಚಾರ್ಜ್, ಕೋರ್ಟಿನ ಚಾರ್ಜ್

ತಪ್ಪನ್ನು ಒಬ್ಬರ ತಲೆಗೆ ಕಟ್ಟುವುದೂ ಹೇರುವುದೇ. ಇಂಗ್ಲಿಷಿನ ಈ ಅರ್ಥಕ್ಕೂ ಐದಾರು ನೂರು ವರ್ಷ ವಯಸ್ಸಾಗಿದೆ. ನಾವು ಆರೋಪ ‘ಹೊರಿಸುತ್ತೇವೆ’. ‘ಆರೋಪ’ ಎಂಬ ಸಂಸ್ಕೃತ ಪದದ ಮೂಲ ಅರ್ಥವೇ ಮೇಲೆ ಏರಿಸಿ ಇಡುವುದು. ಧ್ವಜಾರೋಹಣದ ‘ಆರೋಹಣ’ ಅದರ ತಂಗಿ.

ಪೇಪರ್ ಓದುವವರು ಇಲ್ಲಿ ಒಂದು ವ್ಯತ್ಯಾಸ ತಿಳಿದಿರಬೇಕು. ಚಾರ್ಜ್‌ಶೀಟ್ ಬೇರೆ, ಕೋರ್ಟು ‘ಚಾರ್ಜ್ ಫ್ರೇಮ್’ ಮಾಡುವುದು ಬೇರೆ. ಪೊಲೀಸರು ತನಿಖೆ ಮುಗಿಸಿ ಕೋರ್ಟಿಗೆ ಒಂದು ವರದಿ ಕೊಡುತ್ತಾರೆ. ಕಾನೂನಿನಲ್ಲಿ ಅದರ ಹೆಸರು ‘ಪೊಲೀಸ್ ವರದಿ’. ಚಾರ್ಜ್‌ಶೀಟ್, ಅಂದರೆ ಆರೋಪ ಪಟ್ಟಿ, ರೂಢಿಯ ಹೆಸರು. ನ್ಯಾಯಾಧೀಶರು ಅದನ್ನು ನೋಡಿ, ಎರಡೂ ಕಡೆಯವರ ಮಾತು ಕೇಳಿ, ಈ ಈ ಆರೋಪಗಳ ಮೇಲೆ ವಿಚಾರಣೆ ನಡೆಯಲಿ ಎಂದು ಗೊತ್ತು ಮಾಡುತ್ತಾರೆ. ಅದು ಚಾರ್ಜ್ ಫ್ರೇಮ್. ಪೊಲೀಸರು ಮೂಟೆ ತಂದು ಕೋರ್ಟಿನ ಮುಂದೆ ಇಡುತ್ತಾರೆ, ಯಾವ ಮೂಟೆ ಬಂಡಿ ಏರಬೇಕು ಎಂದು ಹೇಳುವವರು ನ್ಯಾಯಾಧೀಶರು. ಎರಡರಲ್ಲಿ ಯಾವುದಾದರೂ ಆದ ಮಾತ್ರಕ್ಕೆ ಯಾರೂ ಅಪರಾಧಿ ಆಗುವುದಿಲ್ಲ.

‘90 ದಿನದೊಳಗೆ ಚಾರ್ಜ್‌ಶೀಟ್’ ಎಂಬ ಮಾತು ಸುದ್ದಿಯಲ್ಲಿ ಆಗಾಗ ಬರುತ್ತದೆ. ಆರೋಪಿ ಬಂಧನದಲ್ಲಿದ್ದು, 60 ದಿನದೊಳಗೆ, ಗಂಭೀರ ಅಪರಾಧವಾದರೆ 90 ದಿನದೊಳಗೆ, ಪೊಲೀಸರು ಅದನ್ನು ಸಲ್ಲಿಸದಿದ್ದರೆ ಆರೋಪಿಗೆ ಜಾಮೀನು ಕೇಳುವ ಹಕ್ಕು ಬರುತ್ತದೆ. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಈ ಲೆಕ್ಕ ಅದರಲ್ಲೂ ಉಳಿದಿದೆ.

ಇನ್ನು ಲಾಠಿ ಚಾರ್ಜ್. ಇಲ್ಲಿ ಹೊರೆ ಎಲ್ಲಿಂದ ಬಂತು? ದಾರಿ ಸ್ವಲ್ಪ ಸುತ್ತು. ಬಂಡಿಗೆ ಮಾಲು ಹೇರಿದಂತೆ ಬಂದೂಕು, ತೋಪುಗಳಿಗೆ ಮದ್ದು ತುಂಬುವುದನ್ನೂ 16ನೇ ಶತಮಾನದ ಇಂಗ್ಲಿಷರು ಚಾರ್ಜ್ ಎನ್ನತೊಡಗಿದರು. ಆಯುಧ ಸಜ್ಜಾದ ಮೇಲೆ ಶತ್ರುವಿನ ಮೇಲೆ ನುಗ್ಗುವುದು ತಾನೆ? ಸುಮಾರು 1560ರ ದಶಕದಿಂದ ನುಗ್ಗುವುದಕ್ಕೂ ಅದೇ ಪದ ಬಂತು. ಮದ್ದು ತುಂಬುವ ಅರ್ಥದಿಂದಲೇ ಇದು ಬಂದಿರಬೇಕು ಎಂದು ನಿಘಂಟುಕಾರರ ಅಂದಾಜು. ಆ ಪದಕ್ಕೆ ನಮ್ಮ ಲಾಠಿ ಸೇರಿ ಈ ಜೋಡಿ ಹುಟ್ಟಿದ್ದು ಭಾರತದಲ್ಲಿ. ನಮ್ಮ ‘ಏರಿ ಹೋದರು’, ‘ಮೈಮೇಲೆ ಏರಿ ಬಂದ’ ಎಂಬ ಮಾತುಗಳನ್ನು ಇದರ ಪಕ್ಕ ಇಟ್ಟು ನೋಡಿ.

ಸಾಹೇಬರು ಚಾರ್ಜ್ ತಗೊಂಡರು

ಹೊಸ ಅಧಿಕಾರಿ ಬಂದರೆ ‘ಚಾರ್ಜ್ ತಗೊಂಡರು’ ಅನ್ನುತ್ತೇವೆ. ಜವಾಬ್ದಾರಿಯ ಹೊರೆ ತಮ್ಮ ಹೆಗಲಿಗೆ ತಗೊಂಡರು ಎಂದರ್ಥ. ಇನ್‌ಚಾರ್ಜ್ ಅಧಿಕಾರಿಗೆ ಸರ್ಕಾರಿ ಕನ್ನಡ ‘ಪ್ರಭಾರ’ ಎನ್ನುತ್ತದೆ. ‘ಭಾರ’ ಅದರೊಳಗೇ ಕೂತಿದೆ. ಇನ್ನೂ ಚೆಂದದ್ದು ‘ಅಧಿಕಾರ ವಹಿಸಿಕೊಂಡರು’ ಎಂಬ ಮಾತು. ವಹಿಸು ಎಂಬುದರ ಬೇರು ‘ವಹ್’, ಹೊತ್ತು ಸಾಗಿಸುವುದು. ‘ವಾಹನ’ ಹುಟ್ಟಿದ್ದೂ ಅದೇ ಬೇರಿನಿಂದ. ಅಲ್ಲಿಯೂ ಬಂಡಿ, ಇಲ್ಲಿಯೂ ಬಂಡಿ.

ಫೋನಿನೊಳಗೆ ತೋಪುಖಾನೆ

ಎಲ್ಲಕ್ಕಿಂತ ವಿಚಿತ್ರ ಕಥೆ ಇದರದ್ದು. ಫೋನಿಗೂ ಬಂಡಿಗೂ ಏನು ಸಂಬಂಧ?

ಕಲಬುರಗಿ ಕೋಟೆಗೆ ಹೋದವರು ಬುರುಜಿನ ಮೇಲಿನ ಉದ್ದನೆಯ ತೋಪು ನೋಡಿರುತ್ತೀರಿ. ಹಳೆಯ ತೋಪುಗಳಿಗೆ ಸಾಮಾನ್ಯವಾಗಿ ಬಾಯಿಯಿಂದಲೇ ಮದ್ದು ತುರುಕಬೇಕಿತ್ತು. ಒಂದು ಸಲಕ್ಕೆ ತುಂಬುವ ಮದ್ದಿನ ಅಳತೆಯೇ ಒಂದು ಚಾರ್ಜ್. ಬೆಂಕಿ ತಾಗಿಸಿದರೆ ಢಂ ಎಂದು ಖಾಲಿ. ಮತ್ತೆ ತುಂಬಬೇಕು. ಈ ಚಿತ್ರ ಮನಸ್ಸಿನಲ್ಲಿ ಇರಲಿ.

1745–46ರಲ್ಲಿ ಯುರೋಪಿನಲ್ಲಿ ಲೈಡನ್ ಜಾಡಿ ಎಂಬ ಸಾಧನ ಬಂತು. ಒಂದು ಗಾಜಿನ ಜಾಡಿ. ಮುಂದೆ ಅದು ಪಳಗಿದ ರೂಪದಲ್ಲಿ ಒಳಗೂ ಹೊರಗೂ ಲೋಹದ ತಗಡು. ಉಜ್ಜಿ ಹುಟ್ಟಿಸಿದ ವಿದ್ಯುತ್ತನ್ನು ಅದರಲ್ಲಿ ಕೂಡಿಡಬಹುದಿತ್ತು. ಮುಟ್ಟಿದರೆ ಫಟ್ ಎಂದು ಹೊಡೆತ, ಜಾಡಿ ಖಾಲಿ. 1746ರಲ್ಲಿ ಫ್ರಾನ್ಸಿನ ನೊಲೆ ಎಂಬ ಪಾದ್ರಿ ರಾಜನ ಮುಂದೆ 180 ಸೈನಿಕರನ್ನು ಕೈ ಕೈ ಹಿಡಿಸಿ ನಿಲ್ಲಿಸಿ ಜಾಡಿ ಮುಟ್ಟಿಸಿದ. ಎಲ್ಲರೂ ಒಂದೇ ಸಲ ಹಾರಿಬಿದ್ದರು. ವಿಜ್ಞಾನ ಆಗ ಅರ್ಧ ತಮಾಷೆಯೂ ಆಗಿತ್ತು.

ಇದೇ ಹೊತ್ತಿನಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಈ ಜಾಡಿಗಳ ಜೊತೆ ಪ್ರಯೋಗ ನಡೆಸಿದ್ದ. ತುಂಬುವುದು, ಒಮ್ಮೆಲೇ ಖಾಲಿಯಾಗುವುದು. ಇದು ತೋಪಿನ ಹಾಗೇ ಅಲ್ವಾ? ಜಾಡಿಗೆ ವಿದ್ಯುತ್ ತುಂಬುವುದಕ್ಕೂ ‘ಚಾರ್ಜ್’ ಬಂತು. ಈ ಅರ್ಥ ಇಂಗ್ಲಿಷಿನಲ್ಲಿ ಕಾಣಿಸಿಕೊಳ್ಳುವುದು 1740ರ ದಶಕದಲ್ಲಿ. ಫ್ರಾಂಕ್ಲಿನ್ ಹಲವು ಜಾಡಿಗಳನ್ನು ಸಾಲಾಗಿ ಜೋಡಿಸಿದ. ಆ ಸಾಲಿಗೆ ಇಟ್ಟ ಹೆಸರು ‘ಬ್ಯಾಟರಿ’. ಬ್ಯಾಟರಿ ಎಂದರೆ ಆಗ ಸೈನ್ಯದಲ್ಲಿ ಸಾಲಾಗಿ ನಿಲ್ಲಿಸಿದ ತೋಪುಗಳ ಗುಂಪು. ಹೀಗೆ ನಿಮ್ಮ ಫೋನಿನ ಚಾರ್ಜೂ ಬ್ಯಾಟರಿಯೂ ತೋಪುಖಾನೆಯಿಂದ ಬಂದ ಮಾಲು.

ಶಾಲೆಯ ಮಕ್ಕಳಿಗೆ ಇಲ್ಲೊಂದು ತೊಡಕಿದೆ. ಕನ್ನಡ ಮಾಧ್ಯಮದ ವಿಜ್ಞಾನ ಪುಸ್ತಕದಲ್ಲಿ ಚಾರ್ಜ್ ಎಂಬುದಕ್ಕೆ ‘ಆವೇಶ’ ಎಂದಿದೆ. ನಮಗೆ ಆವೇಶ ಎಂದರೆ ಮೈಮೇಲೆ ದೇವರು ಬರುವುದು, ಇಲ್ಲವೇ ಸಿಟ್ಟು ನೆತ್ತಿಗೇರುವುದು. ಸಂಸ್ಕೃತದಲ್ಲಿ ಅದರ ಅರ್ಥ ಒಳಗೆ ಹೊಗುವುದು. ವಸ್ತುವಿನೊಳಗೆ ಏನೋ ಹೊಕ್ಕಿದೆ ಎಂಬ ಕಲ್ಪನೆ. ಇಲ್ಲಿ ಮಾತ್ರ ನಮ್ಮ ಪದ ಹೊರೆ ಬಿಟ್ಟು ಬೇರೆ ದಾರಿ ಹಿಡಿಯಿತು. ಒಣ ಹವೆಯಲ್ಲಿ ಪಾಲಿಯೆಸ್ಟರ್ ಅಂಗಿ ಕಳೆಯುವಾಗ ಚಟಚಟ ಅನ್ನುತ್ತದಲ್ಲ, ಅದು ಈ ಆವೇಶ. ಅದರಲ್ಲಿ ಎರಡು ಬಗೆ: ಧನ ಮತ್ತು ಋಣ, ಅಂದರೆ ಪ್ಲಸ್ ಮತ್ತು ಮೈನಸ್. ಈ ಕೂಡು-ಕಳೆ ಲೆಕ್ಕ ಹಾಕಿದವನೂ ಫ್ರಾಂಕ್ಲಿನ್ನೇ. ಧನ ಎಂದರೆ ಹಣ, ಋಣ ಎಂದರೆ ಸಾಲ. ಪಹಣಿಯ 11ನೇ ಕಲಮಿನ ಪದ ವಿಜ್ಞಾನದ ಪಾಠದಲ್ಲೂ ಬಂದು ಕೂತಿದೆ.

ಹಾಗಾದರೆ ಫೋನನ್ನು ಚಾರ್ಜಿಗೆ ಹಾಕಿದಾಗ ಒಳಗೆ ವಿದ್ಯುತ್ ತುಂಬುತ್ತದಾ? ಹೆಚ್ಚಿನವರು ಹಾಗೇ ಅಂದುಕೊಂಡಿದ್ದಾರೆ. ನಿಜ ಬೇರೆ. ಮನೆಯ ಸಂಪು ಮತ್ತು ಮೇಲಿನ ಟಾಕಿ ನೆನಪಿಸಿಕೊಳ್ಳಿ. ಮೋಟರ್ ಹಾಕಿದರೆ ಸಂಪಿನ ನೀರು ಮೇಲೇರುತ್ತದೆ. ಮನೆಯಲ್ಲಿರುವ ಒಟ್ಟು ನೀರು ಅಷ್ಟೇ. ಆದರೆ ಮೇಲೇರಿದ ನೀರಿಗೆ ಕೆಳಗಿಳಿದು ಕೆಲಸ ಮಾಡುವ ತಾಕತ್ತು ಬಂದಿರುತ್ತದೆ. ಫೋನಿನ ಬ್ಯಾಟರಿಯೊಳಗೆ ಲಿಥಿಯಂ ಅಯಾನುಗಳಿವೆ, ಅಂದರೆ ಆವೇಶ ಹೊತ್ತ ಲಿಥಿಯಂ ಕಣಗಳು. ಚಾರ್ಜರ್ ಹಾಕಿದಾಗ ಅವು ಬ್ಯಾಟರಿಯ ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗುತ್ತವೆ. ಫೋನ್ ಬಳಸಿದಾಗ ವಾಪಸು ಬರುತ್ತವೆ. ಒಟ್ಟು ಆವೇಶ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಕೂಡಿದ್ದು ಶಕ್ತಿ. ಇಂಥ ಬ್ಯಾಟರಿ ರೂಪಿಸಿದ್ದಕ್ಕೆ 2019ರಲ್ಲಿ ಮೂವರಿಗೆ ರಸಾಯನ ವಿಜ್ಞಾನದ ನೊಬೆಲ್ ಬಂತು.

ಫೋನಿನ ಡಬ್ಬಿ ಮೇಲೆ 5000 ಎಂಎಎಚ್ ಎಂದು ಬರೆದಿರುತ್ತದೆ. ಮಿಲಿ ಆಂಪಿಯರ್ ಅವರ್. ಅಷ್ಟು ಸಾಮರ್ಥ್ಯದ ಬ್ಯಾಟರಿ ಒಂದು ಆಂಪಿಯರ್ ಕರೆಂಟನ್ನು 5 ತಾಸು ಹರಿಸಬಲ್ಲದು ಎಂದು ತಿಳಿಯಿರಿ.

ಕರೆಂಟ್ ಅಂದೆ ನೋಡಿ. ಅದರ ಬೇರು ಲ್ಯಾಟಿನ್ನಿನ ‘ಓಡು’ ಎಂಬ ಪದ. ಗಾಲ್ ಜನರ ಬಂಡಿಯ ಹೆಸರೂ ಅದಕ್ಕಿಂತ ಹಳೆಯ, ‘ಓಡು’ ಎಂಬ ಅರ್ಥದ ಬೇರಿನಿಂದಲೇ ಬಂದದ್ದು ಎಂದು ಭಾಷಾ ವಿದ್ವಾಂಸರು ಹೇಳುತ್ತಾರೆ. ‘ಕಾರ್’ ಅಂತೂ ನೇರವಾಗಿ ಅದೇ ಬಂಡಿ. ಹಾಗಾಗಿ ‘ಕಾರಿಗೆ ಕರೆಂಟ್ ಚಾರ್ಜ್’ ಎಂದು ಯಾರಾದರೂ ಅಂದರೆ, ಒಂದೇ ಮನೆತನದ ಮೂವರು ಒಂದೇ ಸೀಟಿನಲ್ಲಿ ಕೂತ ಹಾಗೆ.

ಉಳಿದ ನೆಂಟರು

ಹಡಗಿನ ಮಾಲಿಗೆ ಕಾರ್ಗೋ ಎನ್ನುತ್ತಾರಲ್ಲ, ಅದು ಸ್ಪ್ಯಾನಿಷ್ ಮನೆಯ ನೆಂಟ. ವ್ಯಂಗ್ಯಚಿತ್ರಕ್ಕೆ ಕ್ಯಾರಿಕೇಚರ್ ಎನ್ನುವುದು ಇಟಾಲಿಯನ್ನಿನಿಂದ. ಮೂಗಿನ ಮೇಲೆ ಇಷ್ಟು, ಕಿವಿಯ ಮೇಲೆ ಇಷ್ಟು ಎಂದು ಅತಿಯಾಗಿ ಹೇರುವುದು ಅದರ ಅರ್ಥ. ಕೆರಿಯರ್ ಎಂದರೆ ಮೊದಲು ಬಂಡಿ ಓಡುವ ದಾರಿ. ಕಾರ್ಪೆಂಟರ್ ಮೊದಲು ಬಂಡಿ ಮಾಡುವವನು. ನಮ್ಮೂರಲ್ಲೂ ಬಂಡಿ ಕಟ್ಟುವವನು ಬಡಿಗನೇ. ಆದರೆ ಇಂಗ್ಲಿಷಿನಲ್ಲಿ ಬಂಡಿಗೇ ಹೇಳುವ ‘ಕಾರ್ಟ್’ ಮಾತ್ರ ಈ ಕುಟುಂಬದ್ದಲ್ಲ! ಅದು ಉತ್ತರ ಯುರೋಪಿನ ಹಳೆಯ ನಾರ್ಸ್ ಭಾಷೆಯ ಕಡೆಯಿಂದ ಬಂದದ್ದು. ಮುಖ ಒಂದೇ ಥರ ಇದ್ದ ಮಾತ್ರಕ್ಕೆ ನೆಂಟಸ್ತಿಕೆ ಇರಬೇಕೆಂದಿಲ್ಲ.

ಇಳಿಸುವುದು: ಡಿಸ್ಚಾರ್ಜ್

ಹೇರಿದ್ದನ್ನು ಇಳಿಸುವುದಕ್ಕೆ ಇಂಗ್ಲಿಷಿನಲ್ಲಿ ಡಿಸ್ಚಾರ್ಜ್. ಆಸ್ಪತ್ರೆಯಿಂದ ಡಿಸ್ಚಾರ್ಜ್ ಆದರೆ ರೋಗಿಯ ಹೊಣೆ ಆಸ್ಪತ್ರೆಯ ಹೆಗಲಿನಿಂದ ಇಳಿಯಿತು ಎಂದು. ಬ್ಯಾಟರಿ ಡಿಸ್ಚಾರ್ಜ್ ಎಂದರೆ ಟಾಕಿಯ ನೀರು ಕೆಳಗಿಳಿಯಿತು. ಕೋರ್ಟಿನಲ್ಲಿ ಡಿಸ್ಚಾರ್ಜ್ ಎಂದರೆ, ವಿಚಾರಣೆ ನಡೆಸುವಷ್ಟು ಆಧಾರ ಇಲ್ಲವೆಂದು ಆರೋಪ ಹೊರಿಸುವ ಮುಂಚೆಯೇ ಬಿಡುವುದು. ವಿಚಾರಣೆ ಪೂರ್ತಿ ನಡೆದು ಬಿಡುಗಡೆಯಾದರೆ ಅದು ಖುಲಾಸೆ. ಪೇಪರಿನಲ್ಲಿ ಈ ಎರಡೂ ಎಷ್ಟೋ ಸಲ ಕಲಸಿಹೋಗಿರುತ್ತವೆ.

ಪಹಣಿಯ ಬೋಜಾ ಕೂಡ ಇಳಿಸಬೇಕು. ಸಾಲ ತೀರಿಸಿದರೂ ಕಲಂ 11ರಲ್ಲಿ ಬ್ಯಾಂಕಿನ ಹೆಸರು ಉಳಿದುಬಿಟ್ಟಿರುವುದು ಉಂಟು. ಸಾಲ ಚುಕ್ತಾ ಆದ ಪತ್ರವನ್ನು ಬ್ಯಾಂಕಿನಿಂದ ಪಡೆದು, ಬೋಜಾ ತೆಗೆದಿದ್ದಾರಾ ಎಂದು ಹೊಸ ಪಹಣಿ ತೆಗೆಸಿ ನೋಡಬೇಕು. ಕಿಟಕಿಯ ಹುಡುಗ ಕಾಕಾ ಅವರಿಗೆ ಹೇಳಿದ್ದೂ ಇದನ್ನೇ. ಅವರು ಪಹಣಿಯನ್ನು ನಾಲ್ಕು ಮಡಿಕೆ ಮಾಡಿ ಕಿಸೆಗೆ ಇಟ್ಟರು. "ತೊಗರಿ ಬರ್ಲಿ, ಇಳಸ್ತೀನಿ" ಅಂದು ಹೊರಟವರು ಬಾಗಿಲ ಹತ್ತಿರ ತಿರುಗಿ ಕೇಳಿದರು: "ಈ ಕಾಗದಕ್ಕ ಚಾರ್ಜ್ ಎಷ್ಟ ಹೇಳಲೇ ಇಲ್ಲಲ್ಲೋ ತಮ್ಮಾ?"